ಒಂದು ಹಿಡಿ ಶೇಂಗಾ, ಒಂದು ಬೊಗಸೆ ನೇರಳೆ

(ಮಿರಗದ ಮಳೆ ಹಿಡಿದ ವಾರ ಧಾರವಾಡದಲ್ಲಿ ನೀಡಿದ ಉಪನ್ಯಾಸದ ಬರಹ ರೂಪ)

ಎಲ್ಲರಿಗೂ ಶರಣು.

ಈ ಮೇಜಿನ ಮೇಲೆ ಒಂದು ಬುಟ್ಟಿ ನೇರಳೆ ಹಣ್ಣು, ಒಂದು ಡಬ್ಬಿ ಶೇಂಗಾ ಕಾಳು, ಒಂದು ಬಟ್ಟಲು ಅಗಸಿ ಇವೆ. ಮೂರನ್ನೂ ಇವತ್ತು ಮುಂಜಾನೆ ಇದೇ ಊರಿನ ಮಾರುಕಟ್ಟೆಯಲ್ಲಿ ಕೊಂಡದ್ದು. ಬದಾಮಿಯನ್ನೂ ಬ್ಲೂಬೆರಿಯನ್ನೂ ತರಲಿಲ್ಲ. "ಡಾಕ್ಟರು ನಟ್ಸ್ ತಿನ್ನಿ, ಬೆರಿ ತಿನ್ನಿ ಅಂದಾರ್ರೀ, ಅಷ್ಟು ರೊಕ್ಕ ಎಲ್ಲಿಂದ ತರೋದು?" ಎಂದು ಕೇಳುವವರು ಈ ಭಾಗದಲ್ಲಿ ಬಹಳ ಮಂದಿ ಇದ್ದಾರೆ. ಅವರಿಗೆ ಬೇಕಾದದ್ದು ಹೆಚ್ಚೂಕಡಿಮೆ ಅವರ ಅಡುಗೆಮನೆಯಲ್ಲೇ ಇದೆ. ಆದರೆ ಅದನ್ನು ಇಡುವುದರಲ್ಲಿ, ಹುರಿಯುವುದರಲ್ಲಿ, ತಿನ್ನುವ ಹೊತ್ತಿನಲ್ಲಿ ಆಗುವ ತಪ್ಪುಗಳಿಂದ ಅರ್ಧ ಗುಣ ಕೈತಪ್ಪುತ್ತದೆ. ಇವತ್ತಿನ ಮಾತು ಬಹುಪಾಲು ಆ ತಪ್ಪುಗಳ ಬಗ್ಗೆಯೇ.

ಮೊದಲು, ಇವುಗಳನ್ನು ತಿನ್ನಿ ಎಂದು ಹೇಳುವುದಕ್ಕೆ ಏನು ಆಧಾರ ಎಂಬುದನ್ನು ನೋಡೋಣ. 1992ರಲ್ಲಿ ಕ್ಯಾಲಿಫೋರ್ನಿಯಾದ ಅಡ್ವೆಂಟಿಸ್ಟ್ ಎಂಬ ಕ್ರೈಸ್ತ ಪಂಥದ 31 ಸಾವಿರಕ್ಕೂ ಹೆಚ್ಚು ಜನರ ಅಧ್ಯಯನವೊಂದು ಪ್ರಕಟವಾಯಿತು. ವಾರದಲ್ಲಿ ನಾಲ್ಕು ಸಲಕ್ಕಿಂತ ಹೆಚ್ಚು ಬೀಜ ತಿನ್ನುತ್ತಿದ್ದವರಲ್ಲಿ ಹೃದಯಾಘಾತ, ಅಪರೂಪಕ್ಕೆ ತಿನ್ನುವವರಿಗೆ ಹೋಲಿಸಿದರೆ ಸುಮಾರು ಅರ್ಧದಷ್ಟಿತ್ತು. ಆಮೇಲೆ ಸ್ಪೇನಿನಲ್ಲಿ 7,447 ಜನರನ್ನು ಗುಂಪು ಮಾಡಿ, ಒಂದು ಗುಂಪಿಗೆ ದಿನಕ್ಕೆ 30 ಗ್ರಾಂ ಅಕ್ರೋಟ, ಬದಾಮಿ, ಹೇಜಲ್‌ನಟ್ ಬೆರಸಿ ಕೊಟ್ಟರು. 2013ರಲ್ಲಿ ಬಂದ ಆ ವರದಿಯಲ್ಲಿ ಜನರನ್ನು ಗುಂಪಿಗೆ ಹಂಚಿದ ರೀತಿಯಲ್ಲಿ ದೋಷ ಸಿಕ್ಕಿತು. ಸಂಶೋಧಕರೇ ಅದನ್ನು ಹಿಂದಕ್ಕೆ ಪಡೆದು, ಮತ್ತೆ ಲೆಕ್ಕ ಹಾಕಿ 2018ರಲ್ಲಿ ಪ್ರಕಟಿಸಿದರು. ಫಲಿತಾಂಶ ಬದಲಾಗಲಿಲ್ಲ: ಹೃದಯಾಘಾತ, ಪಾರ್ಶ್ವವಾಯುಗಳಂಥ ಅವಘಡ ಸುಮಾರು ಶೇ. 30ರಷ್ಟು ಕಡಿಮೆ. ನಮ್ಮ ಜನ ಗಮನಿಸಬೇಕಾದ ಮೂರನೆಯದೊಂದಿದೆ. ಅಮೆರಿಕದ ನರ್ಸುಗಳು ಮತ್ತು ಆರೋಗ್ಯ ಸಿಬ್ಬಂದಿ ಸೇರಿ 1 ಲಕ್ಷ 18 ಸಾವಿರಕ್ಕೂ ಹೆಚ್ಚು ಜನರನ್ನು ದಶಕಗಳ ಕಾಲ ಗಮನಿಸಿದ ಆ ಅಧ್ಯಯನದಲ್ಲಿ ಶೇಂಗಾ ತಿಂದವರನ್ನು ಬೇರೆಯಾಗಿ ಎಣಿಸಿದರು. ಬದಾಮಿ, ಅಕ್ರೋಟ ತಿಂದವರಲ್ಲಿ ಎಷ್ಟು ಲಾಭ ಕಂಡಿತೋ ಶೇಂಗಾ ತಿಂದವರಲ್ಲೂ ಹೆಚ್ಚೂಕಡಿಮೆ ಅಷ್ಟೇ ಕಂಡಿತು.

ಸಸ್ಯಶಾಸ್ತ್ರದ ಪ್ರಕಾರ ಶೇಂಗಾ ನಟ್ ಅಲ್ಲ. ಅದು ತೊಗರಿ, ಕಡಲೆಯ ಬಳಗದ್ದು, ನೆಲದೊಳಗೆ ಕಾಯಿ ಕಟ್ಟುವ ಬೆಳೆ. ದೇಹಕ್ಕೆ ಆ ವ್ಯತ್ಯಾಸ ಲೆಕ್ಕಕ್ಕಿಲ್ಲ. 100 ಗ್ರಾಂ ಶೇಂಗಾದಲ್ಲಿ ಸುಮಾರು 25 ಗ್ರಾಂ ಪ್ರೋಟೀನ್ ಇದೆ, ಬದಾಮಿಯಲ್ಲಿ 21, ಗೋಡಂಬಿಯಲ್ಲಿ 18, ಅಕ್ರೋಟದಲ್ಲಿ 15. ಬದಾಮಿ ಗೆಲ್ಲುವುದು ಇ ಜೀವಸತ್ವದಲ್ಲಿ, ಸುಣ್ಣದ ಅಂಶದಲ್ಲಿ, ನಾರಿನಲ್ಲಿ. ಅಕ್ರೋಟ ಗೆಲ್ಲುವುದು ಒಮೆಗಾ-3 ಕೊಬ್ಬಿನಲ್ಲಿ. ಶೇಂಗಾದಲ್ಲಿ ಒಮೆಗಾ-3 ಇಲ್ಲವೆಂದೇ ಹೇಳಬೇಕು. ಆ ಕೊರತೆ ತುಂಬುವುದಕ್ಕೇ ಈ ಬಟ್ಟಲು ಅಗಸಿ ಇಲ್ಲಿಟ್ಟಿದ್ದು. ಅದಕ್ಕೆ ಆಮೇಲೆ ಬರೋಣ.

ಎಷ್ಟು ತಿನ್ನಬೇಕು? ದಿನಕ್ಕೆ 30 ಗ್ರಾಂ, ಮುಷ್ಟಿ ಮುಚ್ಚುವಷ್ಟು ಒಂದು ಹಿಡಿ. ಎಣಿಕೆಯಲ್ಲಿ ಬದಾಮಿ 23ರಿಂದ 25, ಗೋಡಂಬಿ 18ರಿಂದ 20, ಅಕ್ರೋಟದ ಅರ್ಧ ಹೋಳು 14 ಅಥವಾ 15. ನಮ್ಮ ಕಡೆಯ ಸಣ್ಣ ಶೇಂಗಾ ಕಾಳಾದರೆ 75ರ ಆಸುಪಾಸು. ಹಿಡಿಗೊಂದು ಲೆಕ್ಕ ಯಾಕೆಂದರೆ ಇದು ಜಿಡ್ಡಿನ ವಸ್ತು. 30 ಗ್ರಾಂ ಶೇಂಗಾದಲ್ಲಿ ಸುಮಾರು 170 ಕ್ಯಾಲೊರಿ ಇದೆ, 50 ಗ್ರಾಂ ಹಿಟ್ಟಿನ ಒಂದು ಜೋಳದ ರೊಟ್ಟಿಗೆ ಸಮ. ಅದರಲ್ಲಿರುವ ಎಣ್ಣೆ ಸುಮಾರು ಒಂದು ಊಟದ ಚಮಚದಷ್ಟು. ಮೊದಲಿನ ಊಟವನ್ನು ಹಾಗೇ ಇಟ್ಟು ಮೇಲೊಂದು ಹಿಡಿ ಸೇರಿಸಿದರೆ ತೂಕ ಏರುತ್ತದೆ. ಯಾವುದನ್ನಾದರೂ ತೆಗೆದು ಅದರ ಜಾಗದಲ್ಲಿ ಇದನ್ನು ಇಡಬೇಕು. ಸಂಜೆಯ ಮಿರ್ಚಿ ಭಜಿ, ಚೂಡಾ, ಬಿಸ್ಕತ್ತಿನ ಜಾಗಕ್ಕೆ ಇದು ಬಂದರೆ ಲೆಕ್ಕ ಸರಿಹೋಗುತ್ತದೆ. ಎಣಗಾಯಿ ಮಾಡುವಾಗ ಶೇಂಗಾ ಪುಡಿ ಬೆಂದು ತಾನೇ ಎಣ್ಣೆ ಬಿಡುತ್ತದೆ. ನಾಲ್ಕು ಮಂದಿಯ ಎಣಗಾಯಿಗೆ ಎರಡು ಚಮಚ ಒಗ್ಗರಣೆ ಎಣ್ಣೆ ಸಾಕು, ಮೇಲೆ ತೇಲುವಷ್ಟು ಬೇಕಿಲ್ಲ.

ಇಡಿಯಾಗಿ ಅಗಿದು ತಿಂದ ಬೀಜದ ಕೊಬ್ಬೆಲ್ಲ ಮೈಗೆ ಹತ್ತುವುದಿಲ್ಲ. ಬದಾಮಿಯ ಮೇಲೆ 2012ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, 28 ಗ್ರಾಂಗೆ ಸುಮಾರು 170 ಕ್ಯಾಲೊರಿ ಎಂದು ಲೆಕ್ಕ ಹಿಡಿದ ಕಡೆ ದೇಹ ಪಡೆದದ್ದು 129 ಮಾತ್ರ. ಹಲ್ಲಿಗೆ ಸಿಕ್ಕು ಒಡೆಯದ ಕಣಗಳೊಳಗಿನ ಕೊಬ್ಬು ಹಾಗೇ ಹೊರಗೆ ಹೋಗುತ್ತದೆ. ನುಣ್ಣಗೆ ಅರೆದ ಬೆಣ್ಣೆಯಂಥ ಪದಾರ್ಥದಲ್ಲಿ ಈ ಉಳಿತಾಯ ಸಿಗದು. ತೂಕ ಇಳಿಸಬೇಕಾದವರು ಕಾಳನ್ನು ಕಾಳಾಗಿಯೇ ತಿನ್ನಲಿ, ಮೇಲಿನ ಕೆಂಪು ಸಿಪ್ಪೆಯನ್ನೂ ಬಿಡದಿರಲಿ. ಶೇಂಗಾದ ಪಾಲಿಫಿನಾಲ್‌ಗಳಲ್ಲಿ ಬಹುಪಾಲು ಇರುವುದು ಆ ಸಿಪ್ಪೆಯಲ್ಲೇ.

ಹುರಿಯುವುದು ಹೀಗೆ. ದಪ್ಪ ತಳದ ಬಾಣಲೆಯಲ್ಲಿ 250 ಗ್ರಾಂ ಕಾಳು, ಸಣ್ಣ ಉರಿ, 10ರಿಂದ 12 ನಿಮಿಷ, ಕೈ ಬಿಡದೆ ತಿರುವಬೇಕು. ಸಿಪ್ಪೆ ಬಿರಿದು ಚಟಪಟ ಸಪ್ಪಳ ಶುರುವಾದ ಒಂದು ನಿಮಿಷಕ್ಕೆ ಇಳಿಸಿ, ಕೂಡಲೇ ಅಗಲ ತಟ್ಟೆಗೆ ಸುರಿಯಬೇಕು. ಬಾಣಲೆಯಲ್ಲೇ ಬಿಟ್ಟರೆ ಒಳಗಿನ ಕಾವಿಗೆ ಇನ್ನಷ್ಟು ಹುರಿದು ಕಹಿಯಾಗುತ್ತದೆ. ಉರಿ ದೊಡ್ಡದಾದರೆ ಮೇಲೆ ಕಪ್ಪು, ಒಳಗೆ ಹಸಿ. ಉಪ್ಪಿನ ನೀರು ಚಿಮುಕಿಸುವ ಪದ್ಧತಿ ರಕ್ತದೊತ್ತಡ ಇರುವವರ ಮನೆಯಲ್ಲಿ ಬೇಡ.

ಇನ್ನು ಹಿಂಡಿ, ಅಂದರೆ ರೊಟ್ಟಿಯ ಜೊತೆಗಿನ ಚಟ್ನಿಪುಡಿ. 250 ಗ್ರಾಂ ಹುರಿದ ಶೇಂಗಾಕ್ಕೆ 15ರಿಂದ 20 ಗ್ರಾಂ ಬ್ಯಾಡಗಿ ಖಾರಪುಡಿ, 10 ಎಸಳು ಬೆಳ್ಳುಳ್ಳಿ, ಒಂದು ಚಹಾ ಚಮಚ ಜೀರಿಗೆ, ಒಂದೂವರೆ ಚಹಾ ಚಮಚ ಉಪ್ಪು. ಕಾಳು ಪೂರ್ತಿ ಆರಿರಬೇಕು. ಮಿಕ್ಸರ್ ಒಂದೇ ಸಮ ತಿರುಗಿಸಿದರೆ ಎಣ್ಣೆ ಬಿಟ್ಟು ಮುದ್ದೆಯಾಗುತ್ತದೆ. ಎರಡು ಸೆಕೆಂಡ್ ತಿರುಗಿಸಿ ನಿಲ್ಲಿಸಿ, ಹೀಗೆ ಏಳೆಂಟು ಸಲ ಮಾಡಿ. ಒಣ ಕೊಬ್ಬರಿ ಹಾಕುವ ರೂಢಿ ಕೆಲವು ಮನೆಗಳಲ್ಲಿದೆ. ರುಚಿಗೆ ಹಾಕಿಕೊಳ್ಳಬಹುದು, ಆದರೆ ಕೊಬ್ಬರಿಯ ಜಿಡ್ಡಿನಲ್ಲಿ ಸುಮಾರು ಶೇ. 90 ಗಟ್ಟಿಕೊಬ್ಬು, ಅಂದರೆ ಸ್ಯಾಚುರೇಟೆಡ್ ಕೊಬ್ಬು. ಈ ಹಿಡಿಯ ಲೆಕ್ಕಕ್ಕೆ ಅದನ್ನು ಸೇರಿಸಬೇಡಿ. ರೊಟ್ಟಿ, ಹಿಂಡಿ ಇದ್ದರೆ ಪ್ರೋಟೀನ್ ಪೂರ್ತಿಯಾಯಿತೆಂದೂ ತಿಳಿಯಬೇಡಿ. ಜೋಳದಲ್ಲೂ ಶೇಂಗಾದಲ್ಲೂ ಲೈಸಿನ್ ಎಂಬ ಒಂದೇ ಅಮೈನೊ ಆಮ್ಲದ ಕೊರತೆ ಇದೆ. ಅದನ್ನು ತುಂಬುವುದು ಪಕ್ಕದ ಬಟ್ಟಲಿನ ಬೇಳೆ ಮತ್ತು ಮೊಸರು. ಹಿಂಡಿಯ ಮೇಲೆ ಗಟ್ಟಿ ಮೊಸರು ಹಾಕಿಕೊಳ್ಳುವ ನಮ್ಮ ರೂಢಿ ರುಚಿಗಷ್ಟೇ ಅಲ್ಲ.

ಈಗ ಹೇಳುವ ವಿಷಯಕ್ಕೆ ಹೆಚ್ಚು ಸಮಯ ತೆಗೆದುಕೊಳ್ಳುತ್ತೇವೆ. 1960ರಲ್ಲಿ ಇಂಗ್ಲೆಂಡಿನಲ್ಲಿ ಲಕ್ಷಕ್ಕೂ ಹೆಚ್ಚು ಟರ್ಕಿ ಕೋಳಿಗಳು ಕೆಲವೇ ತಿಂಗಳಲ್ಲಿ ಸತ್ತುಬಿದ್ದವು. ಕಾರಣ ಹುಡುಕುತ್ತ ಹೋದಾಗ ಸಿಕ್ಕಿದ್ದು ಬ್ರೆಜಿಲ್‌ನಿಂದ ಬಂದ ಶೇಂಗಾ ಹಿಂಡಿ, ದನ-ಕೋಳಿಗೆ ಹಾಕುವ ಹಿಂಡಿ. ಅದರಲ್ಲಿ ಆಸ್ಪರ್ಜಿಲಸ್ ಫ್ಲೇವಸ್ ಎಂಬ ಬೂಷ್ಟು ಬೆಳೆದು ವಿಷ ಬಿಟ್ಟಿತ್ತು. ಆ ವಿಷಕ್ಕೆ ಅಫ್ಲಾಟಾಕ್ಸಿನ್ ಎಂದು ಹೆಸರಾಯಿತು. ಮನುಷ್ಯರಲ್ಲಿ ಕ್ಯಾನ್ಸರ್ ತರುತ್ತದೆಂದು ಖಚಿತವಾದ ಪದಾರ್ಥಗಳ ಪಟ್ಟಿಯಲ್ಲಿ ಇದೂ ಇದೆ. ಪೆಟ್ಟು ಬೀಳುವುದು ಯಕೃತ್ತಿಗೆ, ಹೆಪಟೈಟಿಸ್ ಬಿ ಇರುವವರಿಗೆ ಹಲವು ಪಟ್ಟು ಹೆಚ್ಚು.

ಗದಗ, ಲಕ್ಷ್ಮೇಶ್ವರ, ರೋಣದ ಹೊಲಗಳಿಂದ ಬರುವ ಶೇಂಗಾಕ್ಕೂ ಇದು ಹೊರತಲ್ಲ. ಕಾಯಿ ತುಂಬುವ ಹೊತ್ತಿಗೆ ಮಳೆ ಕೈಕೊಟ್ಟರೆ ಬೆಳೆ ಬಳಲಿ ಕಾಯಿ ಬಿರಿಯುತ್ತದೆ, ನೆಲದಲ್ಲಿರುವಾಗಲೇ ಬೂಷ್ಟು ಒಳಹೊಗುತ್ತದೆ. ಕಿತ್ತ ಮೇಲೆ ಅಕ್ಟೋಬರಿನ ಮಳೆಗೆ ಸಿಕ್ಕು ಹಸಿ ಬಣವೆ ಒಟ್ಟಿದರೆ ಇನ್ನಷ್ಟು. ಬಳ್ಳಿ ಕಿತ್ತು ಸಾಲಾಗಿ ಹಾಕುವಾಗ ಕಾಯಿ ಮೇಲ್ಮುಖವಾಗಿ ಬಿಸಿಲಿಗೆ ಇರಬೇಕು, ಎಲೆ ಕೆಳಗೆ. ತೇವ ಶೇ. 8ಕ್ಕೆ ಇಳಿಯುವವರೆಗೆ ಚೀಲ ತುಂಬಬಾರದು. ಕೈಯಲ್ಲಿ ಹಿಡಿದು ಅಲುಗಾಡಿಸಿದರೆ ಒಳಗಿನ ಕಾಳು ಗಲಗಲ ಎನ್ನಬೇಕು. ಎಲ್ಲಕ್ಕಿಂತ ಕೆಟ್ಟ ರೂಢಿ, ಒಡೆಸುವಾಗ ಕಾಳು ಹೋಳಾಗದಿರಲೆಂದು ಕಾಯಿಗೆ ನೀರು ಚಿಮುಕಿಸುವುದು. ಹಾಗೆ ನೆನೆದ ಕಾಳನ್ನು ಮತ್ತೆ ಒಣಗಿಸದೆ ಚೀಲಕ್ಕೆ ತುಂಬಿದರೆ ಬೂಷ್ಟಿಗೆ ಬೇಕಾದ್ದೆಲ್ಲ ನಾವೇ ಕೊಟ್ಟ ಹಾಗೆ. ಧಾರವಾಡದ ಕೃಷಿ ವಿಶ್ವವಿದ್ಯಾಲಯದ ಜಿಪಿಬಿಡಿ-4 ತಳಿ ಎಲೆಚುಕ್ಕೆಯನ್ನೂ ತುಕ್ಕು ರೋಗವನ್ನೂ ತಡೆಯುತ್ತದೆ, ಆದರೆ ಹಸಿ ಚೀಲದ ಬೂಷ್ಟಿನಿಂದ ಯಾವ ತಳಿಯೂ ತಾನಾಗಿ ಪಾರಾಗದು.

ಮನೆಯಲ್ಲಿ ಮಾಡಬೇಕಾದ್ದು ಇಷ್ಟು. ಸಾಧ್ಯವಿದ್ದರೆ ಕಾಯಿಯನ್ನೇ ಕೊಂಡು, ಹದಿನೈದು ದಿನಕ್ಕೆ ಬೇಕಾದಷ್ಟು ಮಾತ್ರ ಸುಲಿಯಿರಿ. ಕಾಳು ಕೊಂಡರೆ ಬಿಳಿ ಬಟ್ಟೆಯ ಮೇಲೆ ಹರವಿ. ಸೊರಗಿದ್ದು, ಕಪ್ಪಾದದ್ದು, ಹಸಿರು-ಹಳದಿ ಧೂಳು ಅಂಟಿದ್ದು, ಹುಳು ಕೊರೆದದ್ದು, ಇವನ್ನು ಆರಿಸಿ ತೆಗೆಯಿರಿ. ವಿಷ ಎಲ್ಲ ಕಾಳಿಗೂ ಸಮನಾಗಿ ಹರಡಿರುವುದಿಲ್ಲ. ಕೆಲವೇ ಕೆಟ್ಟ ಕಾಳುಗಳಲ್ಲಿ ಬಹುಪಾಲು ತುಂಬಿರುತ್ತದೆ, ಆದ್ದರಿಂದ ಹತ್ತು ನಿಮಿಷದ ಆರಿಸುವಿಕೆ ದೊಡ್ಡ ಕೆಲಸ ಮಾಡುತ್ತದೆ. ಆರಿಸಿ ತೆಗೆದದ್ದನ್ನು ಎಮ್ಮೆಗೂ ಕೋಳಿಗೂ ಹಾಕಬೇಡಿ. ಎಮ್ಮೆ ತಿಂದ ವಿಷದ ಒಂದು ಪಾಲು ಹಾಲಿನಲ್ಲಿ ಮರಳಿ ನಮ್ಮ ಮಕ್ಕಳ ಲೋಟಕ್ಕೇ ಬರುತ್ತದೆ. ಹುರಿದರೆ ಹೋಗುತ್ತದೆ ಎಂಬುದೂ ಅರ್ಧ ಮಾತು. ಹುರಿದಾಗ ಕಡಿಮೆಯಾಗುತ್ತದೆ, ಪೂರ್ತಿ ಹೋಗುವುದಿಲ್ಲ. ತಿನ್ನುವಾಗ ಒಂದು ಕಾಳು ಕಹಿ ಹತ್ತಿದರೆ ನುಂಗದೆ ಉಗುಳಿ ಬಾಯಿ ಮುಕ್ಕಳಿಸಿ. ಗಾಣಕ್ಕೆ ಕೊಡುವ ಕಾಳನ್ನೂ ಹೀಗೆಯೇ ಆರಿಸಬೇಕು. ಗಾಣದ ಎಣ್ಣೆಯನ್ನು ಸೋಸುತ್ತೇವೆ, ಅಷ್ಟೇ. ವಿಷ ತೆಗೆಯುವ ಶುದ್ಧೀಕರಣ ಅಲ್ಲಿಲ್ಲ.

ಈ ನಾಲ್ಕು ತಿಂಗಳು, ಜೂನ್‌ನಿಂದ ಸೆಪ್ಟೆಂಬರ್, ಧಾರವಾಡದ ಗಾಳಿಯೇ ತೇವ. ಕಾಳನ್ನು ಬಿಸಿಲಿಗೆ ಹಾಕಿದ ಮೇಲೆ ಪೂರ್ತಿ ಆರುವ ತನಕ ಡಬ್ಬಿ ಮುಚ್ಚಬೇಡಿ. ಬಿಸಿ ಕಾಳು ಮುಚ್ಚಿದ ಡಬ್ಬಿಯಲ್ಲಿ ಬೆವರುತ್ತದೆ. ಅರ್ಧ ಖಾಲಿ ಡಬ್ಬಿಯಲ್ಲಿ ಗಾಳಿ ಹೆಚ್ಚು, ಕಮಟು ಬೇಗ. ಸಣ್ಣ ಡಬ್ಬಿಗಳನ್ನು ಕಂಠದವರೆಗೆ ತುಂಬಿ. ಫ್ರಿಜ್ ಇರುವವರು ಸುಲಿದ ಕಾಳು, ಬದಾಮಿ, ಅಕ್ರೋಟ ಎಲ್ಲವನ್ನೂ ಮಳೆಗಾಲದಲ್ಲಿ ಅಲ್ಲಿಯೇ ಇಡುವುದು ಒಳ್ಳೆಯದು. ಗಿರ್ನಾರ್-4, ಗಿರ್ನಾರ್-5 ಎಂಬ ಹೊಸ ತಳಿಗಳ ಎಣ್ಣೆಯಲ್ಲಿ ಓಲಿಕ್ ಆಮ್ಲ ಶೇ. 80ರ ಹತ್ತಿರ ಇರುವುದರಿಂದ ಅವು ಕಮಟಾಗುವುದು ತಡ. ಬಿತ್ತನೆ ಬೀಜ ಹುಡುಕುತ್ತಿರುವ ರೈತರು ಈ ಹೆಸರು ನೆನಪಿಡಿ.

ಅಗಸಿಗೆ ಬರೋಣ. 100 ಗ್ರಾಂ ಅಗಸಿಯಲ್ಲಿ 22 ಗ್ರಾಂನಷ್ಟು ಎಎಲ್‌ಎ ಎಂಬ ಒಮೆಗಾ-3 ಇದೆ, ಅಕ್ರೋಟದಲ್ಲಿ ಇರುವುದು 9. ಅಕ್ರೋಟ ಕೊಳ್ಳಲಾಗದು ಎಂದು ಕೊರಗುವವರಿಗೆ ಇದಕ್ಕಿಂತ ದೊಡ್ಡ ಸಮಾಧಾನ ಬೇಕಿಲ್ಲ. ದಿನಕ್ಕೆ ಒಂದು ಊಟದ ಚಮಚ ಅಗಸಿ ಪುಡಿ ಸಾಕು. ಆದರೆ ಅಗಸಿಯನ್ನು ಇಡಿಯಾಗಿ ನುಂಗಿದರೆ ಆ ಗಟ್ಟಿ ಮೇಲ್ಪದರ ಒಡೆಯದೆ ಹಾಗೇ ಹೊರಗೆ ಬೀಳುತ್ತದೆ. ಕುಟ್ಟಲೇಬೇಕು. ಕುಟ್ಟಿದ ಮೇಲೆ ಗಾಳಿ ತಾಗಿ ಬೇಗ ಕೆಡುತ್ತದೆ. ಒಂದು ಕಿಲೋ ಅಗಸಿ ಹಿಂಡಿ ಮಾಡಿ ಮೂರು ತಿಂಗಳು ಇಡುವ ಬದಲು 100 ಗ್ರಾಂ ಮಾಡಿ ಹತ್ತು ಹನ್ನೆರಡು ದಿನದಲ್ಲಿ ಮುಗಿಸಿ. ಸಣ್ಣ ಉರಿಯಲ್ಲಿ ಸಿಡಿಯುವಷ್ಟು ಹುರಿದರೆ ಸಾಕು, ಹೊಗೆ ಬಂದರೆ ಎಣ್ಣೆ ಕೆಟ್ಟಿತು. ಹುರಿದ ಮೇಲೆ ಗೋಡೆಗೆ ಹಚ್ಚುವ ಬಣ್ಣದಂಥ ವಾಸನೆ ಬಂದರೆ ಅದನ್ನು ತಿನ್ನಬೇಡಿ. ತಿಂದ ಮೇಲೆ ನೀರು ಚೆನ್ನಾಗಿ ಕುಡಿಯಬೇಕು, ಲೋಳೆಯ ನಾರು ನೀರು ಹೀರುತ್ತದೆ. ರಕ್ತ ತೆಳುವಾಗುವ ಮಾತ್ರೆ ತೆಗೆದುಕೊಳ್ಳುವವರು ವೈದ್ಯರಿಗೆ ತಿಳಿಸಿ ಶುರು ಮಾಡಿ. ಮೀನಿನಲ್ಲಿ ಸಿಗುವ ಒಮೆಗಾ-3ಕ್ಕೆ ಇದು ಪೂರ್ತಿ ಸಮವಲ್ಲ, ದೇಹ ಎಎಲ್‌ಎಯನ್ನು ಆ ರೂಪಕ್ಕೆ ತಿರುಗಿಸುವುದು ಅಲ್ಪ. ಗುರೆಳ್ಳು ಹಿಂಡಿಯೂ ಒಳ್ಳೆಯದೇ, ಆದರೆ ಅದರ ಎಣ್ಣೆ ಒಮೆಗಾ-6 ಎಂಬ ಬೇರೆ ಬಗೆಯ ಕೊಬ್ಬಿನ ಕಡೆಯದು. ಒಂದು ವಾರ ಅದು, ಒಂದು ವಾರ ಇದು ಎಂದು ತಿರುಗಿಸಿ.

ಇನ್ನು ಬುಟ್ಟಿ. ಬೆರಿ ಎಂಬ ಮಾತನ್ನು ಸಸ್ಯಶಾಸ್ತ್ರಜ್ಞರು ಬಳಸುವುದೇ ಬೇರೆ ಅರ್ಥದಲ್ಲಿ. ಅವರ ಲೆಕ್ಕದಲ್ಲಿ ಟೊಮ್ಯಾಟೊ, ಬದನೆ, ಬ್ಯಾಡಗಿ ಮೆಣಸಿನಕಾಯಿ ಬೆರಿಗಳು, ಸ್ಟ್ರಾಬೆರಿ ಅಲ್ಲ. ಆರೋಗ್ಯದ ಮಾತಿನಲ್ಲಿ ಬೆರಿ ಎಂದರೆ ಗಾಢ ಬಣ್ಣದ ಸಣ್ಣ ಹಣ್ಣು. ಆ ಬಣ್ಣವನ್ನೇ ಈಗ ನೋಡಿ. ಎರಡು ಗ್ಲಾಸಿನಲ್ಲಿ ನೇರಳೆ ಕಿವುಚಿದ ನೀರಿದೆ. ಇದಕ್ಕೆ ಲಿಂಬೆ ಹಿಂಡಿದೆವು, ಕೆಂಪು ಹೊಳೆಯಿತು. ಅದಕ್ಕೆ ಚಿಟಿಕೆ ಅಡುಗೆ ಸೋಡಾ, ನೀಲಿ-ಹಸಿರಿಗೆ ತಿರುಗಿತು. ಹೀಗೆ ಬಣ್ಣ ಬದಲಿಸುವ ವಸ್ತು ಆಂಥೋಸಯನಿನ್. ಬ್ಲೂಬೆರಿಯಲ್ಲಿರುವುದೂ ಇದೇ ಬಳಗದ್ದು. 2013ರಲ್ಲಿ ಪ್ರಕಟವಾದ ಅಮೆರಿಕದ ನರ್ಸುಗಳ ಅಧ್ಯಯನದಲ್ಲಿ, 93,600 ಮಹಿಳೆಯರ ಪೈಕಿ ವಾರಕ್ಕೆ ಮೂರು ಸಲಕ್ಕಿಂತ ಹೆಚ್ಚು ಬ್ಲೂಬೆರಿ, ಸ್ಟ್ರಾಬೆರಿ ತಿಂದವರಲ್ಲಿ ಹೃದಯಾಘಾತ ಸುಮಾರು ಮೂರನೇ ಒಂದು ಭಾಗ ಕಡಿಮೆ ಕಂಡಿತು. ನೇರಳೆಯ ಮೇಲೆ ಅಷ್ಟು ದೊಡ್ಡ, ಅಷ್ಟು ದೀರ್ಘ ಅಧ್ಯಯನ ಆಗಿಲ್ಲ. ಬಣ್ಣದ ವಸ್ತು ಅದೇ ಬಳಗದ್ದೆಂದು ಹೇಳಬಹುದು, ಫಲವೂ ಅಷ್ಟೇ ಎಂದು ಸಾಬೀತಾಗಿದೆ ಎನ್ನಲಾಗದು. ಈ ವ್ಯತ್ಯಾಸವನ್ನು ಮರೆತು ಮಾತಾಡುವವರನ್ನು ನಂಬಬೇಡಿ.

ನೇರಳೆಯ, ಅಂದರೆ ನಮ್ಮ ನೀರಲ ಹಣ್ಣಿನ ಸುಗ್ಗಿ ಆರು ವಾರ ಇದ್ದರೆ ಹೆಚ್ಚು. ತೊಳೆದು, ಬಟ್ಟೆಯಲ್ಲಿ ಒರೆಸಿ, ತಟ್ಟೆಯ ಮೇಲೆ ಒಂದಕ್ಕೊಂದು ತಾಗದಂತೆ ಫ್ರೀಜರಿನಲ್ಲಿಟ್ಟು, ಗಟ್ಟಿಯಾದ ಮೇಲೆ ಚೀಲಕ್ಕೆ ತುಂಬಿದರೆ ಆರು ತಿಂಗಳು ಬರುತ್ತದೆ. ಸಕ್ಕರೆ ಹಾಕಿ ಗಂಟೆಗಟ್ಟಲೆ ಕುದಿಸಿದ ಶರಬತ್ತಿನಲ್ಲಿ ಬಣ್ಣದ ಗುಣ ಕುಗ್ಗುತ್ತದೆ, ಸಕ್ಕರೆ ಉಳಿಯುತ್ತದೆ. ಅಂಗಡಿಯ ಒಣ ಕ್ರ್ಯಾನ್‌ಬೆರಿಯನ್ನೂ ಹಾಗೆಯೇ ನೋಡಬೇಕು. ಸಿಹಿ ಹಾಕಿ ಒಣಗಿಸಿದ 100 ಗ್ರಾಂನಲ್ಲಿ ಸುಮಾರು 70 ಗ್ರಾಂ ಸಕ್ಕರೆಯೇ. ಕಲಘಟಗಿ, ಅಳ್ನಾವರದ ಕಡೆಯಿಂದ ಬೇಸಿಗೆಯಲ್ಲಿ ಬರುವ ಕವಳಿ ಹಣ್ಣು, ಚಳಿಗಾಲದ ಬಾರಿ (ಬೋರೆ) ಹಣ್ಣು ಹಸಿಯಾಗಿ ತಿನ್ನುವಷ್ಟು ದಿನ ಒಳ್ಳೆಯವು. ಬಾರಿಯನ್ನು ಸೀಳಿ ಹುಳು ನೋಡಿ ಮಕ್ಕಳಿಗೆ ಕೊಡಿ.

ಕಾಳನ್ನೂ ಹಣ್ಣನ್ನೂ ಒಟ್ಟಿಗೆ ಏಕೆ ಹೇಳುತ್ತಿದ್ದೇವೆ ಎಂದರೆ, ಒಂದರ ಕೊರತೆಗೆ ಇನ್ನೊಂದು ಮದ್ದು. ಜೋಳ, ಶೇಂಗಾ, ಎಳ್ಳು ಎಲ್ಲದರಲ್ಲೂ ಫೈಟೇಟ್ ಇದೆ, ಅದು ಊಟದ ಕಬ್ಬಿಣವನ್ನು ಕಟ್ಟಿಹಾಕುತ್ತದೆ. ಸಿ ಜೀವಸತ್ವ ಆ ಕಟ್ಟು ಬಿಡಿಸುತ್ತದೆ. ರಕ್ತಹೀನತೆ ಇಷ್ಟು ಹರಡಿರುವ ನಮ್ಮ ಹೆಣ್ಣುಮಕ್ಕಳಿಗೆ ಇದು ಸಣ್ಣ ಮಾತಲ್ಲ. ಒಂದು ಬೆಟ್ಟದ ನೆಲ್ಲಿಕಾಯಿಯಲ್ಲಿ ದಿನಕ್ಕೆ ಬೇಕಾದ 65ರಿಂದ 80 ಮಿಲಿಗ್ರಾಂ ಸಿ ಜೀವಸತ್ವ ಸಿಗುತ್ತದೆ. ನೆಲ್ಲಿ ಇಲ್ಲದ ಈ ತಿಂಗಳುಗಳಲ್ಲಿ ಲಿಂಬೆ, ಧಾರವಾಡದ ಪೇರಲ. ಇವನ್ನು ಊಟದ ಜೊತೆಗೇ ತಿನ್ನಬೇಕು. ನೇರಳೆಯದು ಉಲ್ಟಾ. ನಾಲಿಗೆ ಹಿಡಿಯುವ ಆ ಒಗರು ಟ್ಯಾನಿನ್, ಚಹಾದಲ್ಲಿರುವಂಥದು, ಅದೂ ಕಬ್ಬಿಣವನ್ನು ಹಿಡಿಯುತ್ತದೆ. ನೇರಳೆಯನ್ನು ಸಂಜೆ ನಾಲ್ಕರ ಹೊತ್ತಿಗೆ ಒಂದು ಬೊಗಸೆ ತಿನ್ನಿ. ಊಟದ ಜೊತೆ ಬೇಡ, ಕಬ್ಬಿಣದ ಮಾತ್ರೆಯ ಹಿಂದೆ ಮುಂದೆ ಬೇಡ.

ಮಕ್ಕಳ ವಿಷಯ. ಐದು ವರ್ಷದೊಳಗಿನ ಮಗುವಿನ ಕೈಗೆ ಇಡೀ ಶೇಂಗಾ ಕೊಡಬೇಡಿ, ಪುಡಿ ಮಾಡಿ ಕೊಡಿ. ನಗುತ್ತ, ಓಡುತ್ತ ತಿಂದ ಕಾಳು ಶ್ವಾಸನಾಳಕ್ಕೆ ಇಳಿಯುತ್ತದೆ. ಆ ಕ್ಷಣ ಕೆಮ್ಮಿ ಸುಮ್ಮನಾದ ಮಗು ವಾರವಾದರೂ ಕೆಮ್ಮುತ್ತಿದ್ದರೆ, ಎದೆಯ ಒಂದೇ ಬದಿಯಲ್ಲಿ ಸುಯ್ ಎನ್ನುತ್ತಿದ್ದರೆ, ಕಾಳು ತಿಂದಿದ್ದನ್ನು ವೈದ್ಯರಿಗೆ ತಪ್ಪದೆ ಹೇಳಿ. ಇನ್ನೊಂದು, ಬೇಲಿಯ ಕಾಡುಹರಳು, ಅಂದರೆ ಜಟ್ರೋಫಾ. ಅದರ ಬೀಜ ಶೇಂಗಾದಂತೆಯೇ ರುಚಿಸುವುದರಿಂದ ಶಾಲೆಯ ಮಕ್ಕಳು ಹಂಚಿಕೊಂಡು ತಿಂದು ವಾಂತಿ-ಭೇದಿಯಾಗಿ ಆಸ್ಪತ್ರೆ ಸೇರುತ್ತಾರೆ. ಕಾಕಿ (ಗಣಿಕೆ) ಹಣ್ಣನ್ನು ಕಪ್ಪಾಗಿ ಕಳಿತ ಮೇಲೆ ಮಾತ್ರ ತಿನ್ನಬೇಕು, ಹಸಿರು ಕಾಯಿಯಲ್ಲಿ ವಿಷವಿದೆ.

ಚೀಟಿಗಳು ಬಂದಿವೆ. "ನೇರಳೆ ಬೀಜದ ಪುಡಿ ತಿಂದರ ಸಕ್ಕರಿ ಕಾಯಿಲೆ ಮಾತ್ರೆ ಬಿಡಬಹುದೇನ್ರೀ?" ಬಿಡಬಾರದು ರೀ. ಮಾತ್ರೆಯ ಜೊತೆ ಪುಡಿಯನ್ನೂ ತಿಂದು ಸಕ್ಕರೆ ತೀರಾ ಇಳಿದು ತಲೆಸುತ್ತಿ ಬೀಳುವ ಅಪಾಯವೂ ಉಂಟು. ಹಣ್ಣು ಬೊಗಸೆಯಷ್ಟು ತಿನ್ನಬಹುದು.

"ಬದಾಮಿ ನೆನಸಿ ಸಿಪ್ಪೆ ತೆಗೀಲೇಬೇಕಾ?" ನೆನಸಿದರೆ ಮೆತ್ತಗಾಗುತ್ತದೆ, ವಯಸ್ಸಾದ ಅಜ್ಜ-ಅಮ್ಮಂದಿರ ಹಲ್ಲಿಗೆ ಅನುಕೂಲ. ಸಿಪ್ಪೆಯಲ್ಲಿ ನಾರಿದೆ, ತಿನ್ನಲಾಗುವವರು ಅದರೊಡನೆಯೇ ತಿನ್ನಿ. ಮೂತ್ರಪಿಂಡದ ಕಾಯಿಲೆ ಇರುವವರು ಮಾತ್ರ ಯಾವ ಬೀಜವನ್ನೂ ವೈದ್ಯರನ್ನು ಕೇಳದೆ ರೂಢಿ ಮಾಡಿಕೊಳ್ಳಬೇಡಿ.

ಕೊನೆಯ ಚೀಟಿ, ಒಬ್ಬ ಅಕ್ಕನವರದು: "ಪಂಚಮಿ ಬಂತು, ಶೇಂಗಾ ಉಂಡಿಗೆ ಬೆಲ್ಲ ಕಡಿಮಿ ಮಾಡಿದರ ಉಂಡಿ ಕಟ್ಟೂದಿಲ್ಲ, ಏನ ಮಾಡ್ಬೇಕು?" ಪಾಕ ಬಿಟ್ಟುಬಿಡಿ ಅಕ್ಕ. 250 ಗ್ರಾಂ ಹುರಿದು ಸಿಪ್ಪೆ ಹಾರಿಸಿದ ಶೇಂಗಾ, 125 ಗ್ರಾಂ ಪುಡಿ ಬೆಲ್ಲ, ಎರಡು ಏಲಕ್ಕಿ. ಶೇಂಗಾ ಇನ್ನೂ ಉಗುರುಬೆಚ್ಚಗಿರುವಾಗಲೇ ಎರಡನ್ನೂ ಕೂಡಿಸಿ ಒರಳಲ್ಲಿ ಕುಟ್ಟಿ. ಹಿಂಡಿಗೆ ಯಾವ ಎಣ್ಣೆ ಬಿಡಬಾರದೆಂದೆವೋ ಇಲ್ಲಿ ಅದೇ ಎಣ್ಣೆ ಬಿಡುವ ತನಕ ಕುಟ್ಟಬೇಕು. ಆ ಜಿಡ್ಡಿಗೇ ಉಂಡಿ ನಿಲ್ಲುತ್ತದೆ. 20 ಗ್ರಾಂನ ಉಂಡಿಯಲ್ಲಿ ಬೆಲ್ಲ ಸುಮಾರು 7 ಗ್ರಾಂ ಬರುತ್ತದೆ. ಪಾಕವಿಲ್ಲದ್ದರಿಂದ ಎಂಟು ದಿನಕ್ಕಿಂತ ಹೆಚ್ಚು ಇಡಬೇಡಿ, ಅದೂ ಒಣ ಡಬ್ಬಿಯಲ್ಲಿ.